ಉಷ್ಣವಲಯದ ವಿದೇಶಿ ಮರಗಳು: ಬೀಜ ಬಿತ್ತನೆ ಮತ್ತು ಬೀಜ ವಿನಿಮಯದ ಇತಿಹಾಸ

ಒಂದು ಭೂಖಂಡದ ಬಿಸಿನಾಡಿನ ಮರವನ್ನು ಬೀಜದ ಮೂಲಕ ಮತ್ತೊಂದು ಭೂಖಂಡಕ್ಕೆ ಒಯ್ದು ಬೆಳೆಸುವುದು, ಆ ಮರ ಕಾಯಿಬಿಟ್ಟ ಮೇಲೆ ಅದರ ಬೀಜವನ್ನು ಇತರರಿಗೆ ಹಂಚುವುದು ಬಹು ಹಳೆಯ ರೂಢಿ. ವ್ಯಾಪಾರಿಗಳು, ಯಾತ್ರಿಕರು, ಅರಸರು, ಸರ್ಕಾರಿ ಸಸ್ಯೋದ್ಯಾನಗಳು, ಕೊನೆಗೆ ಮನೆಯ ಹಿತ್ತಲಲ್ಲಿ ಗಿಡ ಬೆಳೆಸುವ ಹವ್ಯಾಸಿಗಳು ಇದನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಕರ್ನಾಟಕದ ರಸ್ತೆಬದಿಗಳಲ್ಲಿ, ತೋಟಗಳಲ್ಲಿ ಇಂದು ಕಾಣುವ ಎಷ್ಟೋ ಮರಗಳು ಹೀಗೆ ಬಂದವು.

ಸಸ್ಯೋದ್ಯಾನಗಳು ಹುಟ್ಟುವ ಮೊದಲೇ ಮರಗಳು ಸಮುದ್ರ ದಾಟುತ್ತಿದ್ದವು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನ ದೊಡ್ಡಹುಣಸೆ ಎಂದು ಕರೆಯುವ ಭಾರಿ ಮರಗಳು ಆಫ್ರಿಕದ ಬೇಬಾಬ್ ಜಾತಿಯವು. ವಿಜಯಪುರದಲ್ಲೂ ಇವನ್ನು ಕಾಣಬಹುದು. ಭಾರತದ ಬೇಬಾಬ್ ಮರಗಳ ವಂಶವಾಹಿಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವು ಆಫ್ರಿಕದಿಂದ ಒಂದೇ ಸಲ ಬಂದವಲ್ಲ, ಬೇರೆಬೇರೆ ಕಾಲದಲ್ಲಿ ಹಲವು ಸಲ ಬಂದವು. ಹುಳಿ ತಿರುಳಿನೊಳಗೆ ಅಡಗಿರುವ ಬೇಬಾಬ್ ಬೀಜದ ಸಿಪ್ಪೆ ಬಲು ಗಟ್ಟಿ. ತಿಂಗಳುಗಟ್ಟಲೆ ಹಡಗಿನಲ್ಲಿದ್ದರೂ ಅದಕ್ಕೆ ಕೇಡಿಲ್ಲ. ಯೆಮೆನ್‌ನಿಂದ ಬಾಬಾ ಬುಡನ್ 7 ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯವೂ ಪ್ರಸಿದ್ಧ. ಗೇರು ಮರವನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ಪಶ್ಚಿಮ ಕರಾವಳಿಗೆ ತಂದರು.

ಯಾವ ಮರ ಎಲ್ಲಿಗೆ ತಲುಪಿತು ಎಂಬುದನ್ನು ರಾಜರ ಇಚ್ಛೆಗಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಬೀಜದ ಆಯುಸ್ಸು. ಕೆಲವು ಬೀಜಗಳನ್ನು ಒಣಗಿಸಿ ತಂಪಾದ ಕಡೆ ಇಟ್ಟರೆ ವರ್ಷಗಟ್ಟಲೆ ಬಾಳುತ್ತವೆ. ಗುಲ್‌ಮೊಹರ್, ಬೇಬಾಬ್, ಮಳೆಮರ ಈ ಗುಂಪಿನವು. ರಬ್ಬರ್, ಹಲಸು, ಮ್ಯಾಂಗೊಸ್ಟೀನ್, ರಂಬುಟಾನ್, ಡುರಿಯನ್‌ಗಳ ಬೀಜ ಹಾಗಲ್ಲ, ಒಣಗಿದರೆ ಸತ್ತೇಹೋಗುತ್ತವೆ. ಈ ಎರಡು ಗುಂಪುಗಳನ್ನು ವಿಜ್ಞಾನದ ಪರಿಭಾಷೆಯಲ್ಲಿ ಖಚಿತವಾಗಿ ಬೇರ್ಪಡಿಸಿದವನು ಇ. ಎಚ್. ರಾಬರ್ಟ್ಸ್, 1973ರಲ್ಲಿ. ಆದರೆ ಕಷ್ಟ ಏನೆಂಬುದು ನಾವಿಕರಿಗೂ ತೋಟಗಾರರಿಗೂ ಅದಕ್ಕೆ ಎರಡು ಶತಮಾನ ಮೊದಲೇ ತಿಳಿದಿತ್ತು. ಇಂಗ್ಲೆಂಡಿನ ಜಾನ್ ಎಲ್ಲಿಸ್ ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ಜೀವಂತವಾಗಿ ತರುವ ಬಗೆಯನ್ನು ಕುರಿತು 1770ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ರೂಪಿಸಿದ ಬಿಗಿಮುಚ್ಚಳದ ಗಾಜಿನ ಪೆಟ್ಟಿಗೆ 1833ರಲ್ಲಿ ಸಸಿಗಳನ್ನು ಹೊತ್ತು ಸಿಡ್ನಿಗೆ ಹೋಯಿತು. ಉಪ್ಪುಗಾಳಿ ತಾಗದೆ, ಒಳಗಿನ ತೇವ ಆರದೆ ಸಸಿಗಳು ಬದುಕುಳಿದವು. ಬೀಜವಾಗಿ ಸಾಗಿಸಲಾಗದ ಮರಗಳು ಆಮೇಲೆ ಸಸಿಯಾಗಿ ಸಾಗಿದವು.

ಉದ್ಯಾನಗಳ ನಡುವಿನ ಕ್ರಮಬದ್ಧ ವಿನಿಮಯ 17ನೆಯ ಶತಮಾನದ ಕೊನೆಗೇ ಕಾಣುತ್ತದೆ. ಲಂಡನ್ನಿನ ಚೆಲ್ಸೀ ಔಷಧಿವನ 1680ರ ದಶಕದಲ್ಲಿ ಹಾಲೆಂಡಿನ ಲೈಡನ್ ಉದ್ಯಾನದೊಂದಿಗೆ ಸಸ್ಯ ಮತ್ತು ಬೀಜಗಳ ಕೊಡುಕೊಳ್ಳುವಿಕೆ ನಡೆಸಿತ್ತು. ಆಯಾ ವರ್ಷ ತನ್ನಲ್ಲಿ ದೊರೆತ ಬೀಜಗಳ ಪಟ್ಟಿಯನ್ನು ಉದ್ಯಾನವೊಂದು ಅಚ್ಚು ಹಾಕಿಸಿ ಇತರ ಉದ್ಯಾನಗಳಿಗೆ ಕಳಿಸುವುದು, ಅವು ತಮಗೆ ಬೇಕಾದುದನ್ನು ಗುರುತಿಸಿ ತರಿಸಿಕೊಳ್ಳುವುದು, ಬದಲಿಗೆ ತಮ್ಮ ಪಟ್ಟಿಯನ್ನು ಕಳಿಸುವುದು ಯುರೋಪಿನಲ್ಲಿ ರೂಢಿಯಾಯಿತು. ಹಣವಿಲ್ಲದೆ ನಡೆಯುವ ಈ ವ್ಯವಹಾರ ಇಂದಿಗೂ ಇದೆ. ಕಲ್ಕತ್ತ (1787), ಬೋಗೋರ್ (1817), ಪೆರಾದೆನಿಯ (1821) ಉದ್ಯಾನಗಳು ಸ್ಥಾಪನೆಯಾದ ಮೇಲೆ ಏಷ್ಯವೂ ಈ ಜಾಲದೊಳಗೆ ಬಂತು.

ಇದರಲ್ಲಿ ಅತ್ಯಂತ ಸೊಗಸಾದ ಪಯಣ ಗುಲ್‌ಮೊಹರ್‌ನದು. ಸಸ್ಯಶಾಸ್ತ್ರಜ್ಞ ವೆನ್ಸೆಸ್ಲಾಸ್ ಬೋಯರ್ 1820ರ ದಶಕದಲ್ಲಿ ಮಡಗಾಸ್ಕರ್‌ನ ಪೂರ್ವ ತೀರದ ಫುಲ್‌ಪಾಯಿಂಟ್ ಎಂಬಲ್ಲಿ ಇದನ್ನು ಕಂಡ. ಅಲ್ಲಿಂದ ಮರ ಮಾರಿಷಸ್ ಸೇರಿತು. 1829ರಲ್ಲಿ ಅದರ ವರ್ಣನೆ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಮುಂದಿನ ಕೆಲವೇ ದಶಕಗಳಲ್ಲಿ ಅದು ಬಿಸಿನಾಡುಗಳ ಊರೂರಿಗೆ ಹಬ್ಬಿತು. ಕಾರಣ ಸರಳ: ಉದ್ದನೆಯ ಕತ್ತಿಯಂಥ ಕಾಯೊಳಗಿನ ಬೀಜ ಕಲ್ಲಿನಷ್ಟು ಗಟ್ಟಿ, ಅಂಚೆಯಲ್ಲಿ ಎಷ್ಟು ದಿನ ಅಲೆದರೂ ಕೆಡುವುದಿಲ್ಲ. ಹಾಗೆಯೇ ನೆಲಕ್ಕೆ ಹಾಕಿದರೆ ಬೇಗ ಮೊಳೆಯುವುದೂ ಇಲ್ಲ. ಬಿಸಿನೀರು ಸುರಿದು ಒಂದು ರಾತ್ರಿ ನೆನೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಲವು ಬೀಜಗಳು ಊದಿ ದಪ್ಪಗಾಗಿ, ಮೃದುವಾಗಿ ಕಾಣುತ್ತವೆ, ಅವನ್ನು ಬಿತ್ತಬೇಕು. ಊದದೆ ಉಳಿದವನ್ನು ಒರಟು ಕಲ್ಲಿಗೆ ಉಜ್ಜಿ, ಸಿಪ್ಪೆ ತುಸು ಸವೆಯಿಸಿ ಮತ್ತೆ ನೆನೆಸಬೇಕು. ಇಷ್ಟು ತಿಳಿದರೆ ಮಕ್ಕಳೂ ಬೆಳೆಸಬಲ್ಲ ಮರವಿದು. ಅದರ ತವರಾದ ಮಡಗಾಸ್ಕರ್‌ನ ಒಣಕಾಡುಗಳು ಇಂದು ಕರಗುತ್ತಿವೆ, ಆದರೆ ಏಷ್ಯ, ಆಫ್ರಿಕ, ಅಮೆರಿಕಗಳ ಬೀದಿಗಳಲ್ಲಿ ಅದು ಎಲ್ಲರ ಸ್ವತ್ತಾಗಿ ಉಳಿದಿದೆ.

ರಬ್ಬರ್‌ನ ಕಥೆ ಇದಕ್ಕೆ ತೀರ ವಿರುದ್ಧ. 1876ರಲ್ಲಿ ಹೆನ್ರಿ ವಿಕ್ಹಮ್ ಬ್ರೆಜಿಲ್‌ನ ತಪಜೋಸ್ ನದಿಯ ಸೀಮೆಯಲ್ಲಿ ಸುಮಾರು 70,000 ಬೀಜಗಳನ್ನು ಆರಿಸಿ, ಬುಟ್ಟಿಗಳಲ್ಲಿ ಒಣಬಾಳೆ ಎಲೆಗಳ ನಡುವೆ ಹರಡಿ, ಹಡಗಿನಲ್ಲಿ ಇಂಗ್ಲೆಂಡಿಗೆ ತಂದ. ಜೂನ್ ತಿಂಗಳಲ್ಲಿ ಕ್ಯೂ ಉದ್ಯಾನ ತಲುಪಿದ ಆ ಬೀಜಗಳನ್ನು ತಡಮಾಡದೆ ಗಾಜಿನಮನೆಯಲ್ಲಿ ಬಿತ್ತಿದರು. ಮೊಳೆತದ್ದು ಸುಮಾರು 2,700 ಮಾತ್ರ. ಅದರಲ್ಲಿ ಸುಮಾರು 1,900 ಸಸಿಗಳು ವಾರ್ಡ್ ಪೆಟ್ಟಿಗೆಗಳಲ್ಲಿ ಸಿಂಹಳಕ್ಕೆ ಹೋದವು. ಮರುವರ್ಷ 22 ಸಸಿಗಳು ಸಿಂಗಪುರ ಸೇರಿದವು. 1888ರಲ್ಲಿ ಸಿಂಗಪುರ ಉದ್ಯಾನದ ಹೊಣೆ ಹೊತ್ತ ಹೆನ್ರಿ ರಿಡ್ಲಿ, ಮರಕ್ಕೆ ಪೆಟ್ಟಾಗದಂತೆ ಹಾಲು ಇಳಿಸುವ ಕ್ರಮವನ್ನು ರೂಪಿಸಿ, ನೆಡಲು ಒಲ್ಲದ ತೋಟಗಾರರಿಗೂ ಬೀಜ ಕೊಟ್ಟು ಒತ್ತಾಯಿಸುತ್ತಿದ್ದ. ಏಷ್ಯದ ತೋಟಗಳು ಬೆಳೆದು ನಿಂತ ಮೇಲೆ ಅಮೆಜಾನ್‌ನ ರಬ್ಬರ್ ವ್ಯಾಪಾರ ಕುಸಿಯಿತು. ಬೀಜ ಕೊಟ್ಟ ನಾಡಿಗೆ ಏನೂ ದಕ್ಕಲಿಲ್ಲ. ಬ್ರೆಜಿಲ್ ಇದನ್ನು ಕಳವು ಎಂದು ನೆನೆಯುವುದರಲ್ಲಿ ಅನ್ಯಾಯವೇನಿಲ್ಲ. ಬೋಗೋರ್ ಉದ್ಯಾನಕ್ಕೆ 1848ರಲ್ಲಿ ಬಂದ 4 ಎಣ್ಣೆತಾಳೆ ಸಸಿಗಳೂ ಹೀಗೆಯೇ ಆಗ್ನೇಯ ಏಷ್ಯದ ಅಪಾರ ತೋಟಗಳಿಗೆ ಮೂಲವಾದವು. ಇಷ್ಟು ಕಡಿಮೆ ತಾಯಿಮರಗಳಿಂದ ಬಂದ ಬೆಳೆಗೆ ರೋಗ ತಗುಲಿದರೆ ಅಪಾಯ ದೊಡ್ಡದು. ದಕ್ಷಿಣ ಅಮೆರಿಕದ ಎಲೆ ಅಂಗಮಾರಿಗೆ ಏಷ್ಯದ ರಬ್ಬರ್ ಬೆಳೆಗಾರರು ಇಂದಿಗೂ ಹೆದರುತ್ತಾರೆ.

ಕರ್ನಾಟಕದಲ್ಲಿ ಈ ಪರಂಪರೆಯ ಕೇಂದ್ರ ಬೆಂಗಳೂರಿನ ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟಕ್ಕೆ ಟಿಪ್ಪು ಸುಲ್ತಾನ್ ಹೊರನಾಡುಗಳಿಂದ ಸಸಿ, ಬೀಜಗಳನ್ನು ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ಯೂನಲ್ಲಿ ಪಳಗಿದ ತೋಟಗಾರರು ಬಂದರು. 1874ರಿಂದ 1908ರವರೆಗೆ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನ್ ಉದ್ಯಾನದ ಸಸ್ಯಗಳ ಪಟ್ಟಿಯನ್ನು ಪ್ರಕಟಿಸಿದ. ಯಾರ ಬಳಿ ಏನಿದೆ ಎಂದು ತಿಳಿಯದೆ ವಿನಿಮಯ ಸಾಗದಾದ್ದರಿಂದ ಆ ಪಟ್ಟಿಯ ಬೆಲೆ ದೊಡ್ಡದು. ಅವನ ನಂತರ ಬಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆಯ್ದ. ತಬೂಬಿಯಾ, ಜಕರಂಡ, ಗುಲ್‌ಮೊಹರ್‌ಗಳು ಒಂದರ ಹಿಂದೊಂದು ಅರಳುವ ಬೆಂಗಳೂರಿನ ಬೇಸಿಗೆ ಆ ಆಲೋಚನೆಯ ಫಲ. 1932ರಲ್ಲಿ ಎಚ್. ಸಿ. ಜವರಾಯ, ಆಮೇಲೆ ಎಂ. ಎಚ್. ಮರೀಗೌಡ ಆ ಕೆಲಸವನ್ನು ಮುಂದುವರಿಸಿದರು. ದಕ್ಷಿಣ ಅಮೆರಿಕದ ನಾಗಲಿಂಗ ಮರವಂತೂ ಶಿವಾಲಯಗಳ ಅಂಗಳ ಸೇರಿ ಪೂಜೆಗೇ ಸಂದಿತು.

ಬಂದದ್ದೆಲ್ಲ ಒಳಿತಾಗಲಿಲ್ಲ. 1870ರ ದಶಕದಲ್ಲಿ ಅಮೆರಿಕ ಖಂಡದ ಬೀಜದಿಂದ ಭಾರತದಲ್ಲಿ ನೆಲೆಯೂರಿದ ಬಳ್ಳಾರಿ ಜಾಲಿ ಬಯಲುಸೀಮೆಯ ಕೆರೆಯಂಗಳ, ಗೋಮಾಳಗಳನ್ನು ನುಂಗಿತು. ಅದರ ಸಿಹಿ ಕಾಯಿ ತಿಂದ ದನಗಳು ಸಗಣಿಯ ಮೂಲಕ ಬೀಜವನ್ನು ದೂರದೂರಕ್ಕೆ ಒಯ್ಯುತ್ತವೆ. ಅಂದಕ್ಕೆಂದು ತಂದ ಹಳದಿ ಹೂವಿನ ಸೆನ್ನ ಸ್ಪೆಕ್ಟಾಬಿಲಿಸ್ ಇಂದು ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಇತರ ಗಿಡಗಳನ್ನು ಏಳಗೊಡುತ್ತಿಲ್ಲ.

20ನೆಯ ಶತಮಾನದಲ್ಲಿ ಬೀಜ ಹಂಚಿಕೆ ಸರ್ಕಾರಿ ಉದ್ಯಾನಗಳಿಂದ ಜನಸಾಮಾನ್ಯರ ಕೈಗೆ ಬಂತು. ಅಪರೂಪದ ಹಣ್ಣಿನ ಮರ ಬೆಳೆಸುವವರ ಸಂಘಗಳು ಮಯಾಮಿಯಲ್ಲಿ 1955ರಲ್ಲಿ, ಕ್ಯಾಲಿಫೋರ್ನಿಯದಲ್ಲಿ 1968ರಲ್ಲಿ ಹುಟ್ಟಿದವು. ಕರಾವಳಿ, ಮಲೆನಾಡಿನ ಕೃಷಿಕರೂ ಮ್ಯಾಂಗೊಸ್ಟೀನ್, ರಂಬುಟಾನ್‌ಗಳನ್ನು ಬೆಳೆಸಿದರು. ಬೀಜದಿಂದ ಎದ್ದ ರಂಬುಟಾನ್ ಗಂಡುಮರವಾಗಿ ಹಣ್ಣೇ ಬಿಡದಿರುವುದು ಉಂಟು. ಹಾಗಾಗಿ ಫಸಲಿಗೆ ಕಸಿ ಗಿಡವೇ ಸೂಕ್ತ. ಮ್ಯಾಂಗೊಸ್ಟೀನ್ ಬೀಜ ಪರಾಗಸ್ಪರ್ಶವಿಲ್ಲದೆ ರೂಪುಗೊಳ್ಳುವುದರಿಂದ ಸಸಿ ತಾಯಿಮರದಂತೆಯೇ ಇರುತ್ತದೆ, ಕಾಯಿಬಿಡಲು ಮಾತ್ರ ಬಹಳ ವರ್ಷ ಕಾಯಬೇಕು.

1992ರ ಜೀವವೈವಿಧ್ಯ ಒಪ್ಪಂದ ಸಸ್ಯಸಂಪತ್ತಿನ ಮೇಲೆ ಆಯಾ ದೇಶದ ಹಕ್ಕನ್ನು ಎತ್ತಿಹಿಡಿಯಿತು. ಭಾರತ 2002ರಲ್ಲಿ ತನ್ನದೇ ಕಾಯಿದೆ ಮಾಡಿತು. ಹೊರದೇಶದಿಂದ ಬೀಜ ತರಿಸಲು 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಅಗತ್ಯ. ದೇಶದೊಳಗೆ ಬೀಜ ಹಂಚುವವರು ಪೊಟ್ಟಣದ ಮೇಲೆ ಮರದ ಹೆಸರು, ಬೀಜ ಆಯ್ದ ಊರು, ದಿನಾಂಕ ಮೂರನ್ನೂ ಬರೆಯಬೇಕು. ತಾನಾಗಿ ಹಬ್ಬುವ ಜಾತಿಯ ಬೀಜವನ್ನು ಕಾಡಂಚಿನಲ್ಲಿ ಮನೆಯಿರುವವರಿಗೆ ಕೊಡಬಾರದು.