ಶೀರ್, ಅಲೆಕ್ಸಾಂಡರ್
ಸ್ವಿಟ್ಜರ್ಲೆಂಡಿನ ಜೀವವಿಜ್ಞಾನಿ, ಜೀಬ್ರಾಮೀನಿನ ಭ್ರೂಣದಲ್ಲಿ ‘ನೋಡಲ್’ ಎಂಬ ಪ್ರೋಟೀನುಗಳ ಸಂಕೇತ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು. ನಮ್ಮ ಉಪಖಂಡದ ಹೊಳೆಗಳ ಈ ಪುಟ್ಟ ಮೀನಿನ ಭ್ರೂಣ ಗಾಜಿನಂತೆ ಪಾರದರ್ಶಕ. ಒಂದೇ ದಿನದಲ್ಲಿ ತಲೆ, ಕಣ್ಣು, ಬಾಲ ಮೂಡುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂರಬಹುದು. ನೋಡಲ್ ಸಂಕೇತ ತಲುಪದ ಭ್ರೂಣದಲ್ಲಿ ಕರುಳನ್ನು ರೂಪಿಸುವ ಒಳಪದರ ಹುಟ್ಟುವುದಿಲ್ಲ. ಎರಡು ಕಣ್ಣುಗಳ ಬದಲು ನಡುವೆ ಒಂದೇ ಕಣ್ಣು. ಈ ಸಂಕೇತಕ್ಕೆ ಬೇಕಾದ ಒಂದು ಜೀನಿಗೆ ‘ಒನ್-ಐಡ್ ಪಿನ್‌ಹೆಡ್’ ಎಂದೇ ಹೆಸರು, ಕಂಡದ್ದನ್ನೇ ಇಟ್ಟಂತೆ. ನೋಡಲ್ ಪ್ರೋಟೀನುಗಳಲ್ಲಿ ಸ್ಕ್ವಿಂಟ್ ದೂರದ ಕೋಶಗಳನ್ನೂ ಮುಟ್ಟುತ್ತದೆ, ಸೈಕ್ಲಾಪ್ಸ್ ಹತ್ತಿರದವನ್ನಷ್ಟೇ ಎಂಬುದು 2001ರ ಶೋಧ. ನೋಡಲ್ ಅನ್ನು ತಡೆಯುವ ‘ಲೆಫ್ಟಿ’ ಅದಕ್ಕಿಂತ ವೇಗವಾಗಿ ಹರಡುತ್ತದೆಂದು 2012ರಲ್ಲಿ ಅವರ ತಂಡ ಅಳೆದು ತೋರಿಸಿತು. ಬೇರೆ ಬೇರೆ ವೇಗದಲ್ಲಿ ಹರಡುವ ರಾಸಾಯನಿಕಗಳಿಂದ ಜೀವಿಗಳಲ್ಲಿ ವಿನ್ಯಾಸ ಮೂಡಬಲ್ಲದೆಂದು ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಗಣಿತದಿಂದ ಊಹಿಸಿದ್ದಕ್ಕೆ ಇದು ಹೊಂದುತ್ತದೆ. ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಶೀರ್ 2018ರಲ್ಲಿ ಬಾಸೆಲ್‌ನ ಬಯೋಜೆಂಟ್ರುಮ್ ಸಂಸ್ಥೆಯ ನಿರ್ದೇಶಕರಾದರು.