ಯೋಗ್ಯತೆ ತೂಗುವ ತಕ್ಕಡಿ ಯಾರ ಕೈಲಿತ್ತು?

2024ರ ಸೆಪ್ಟೆಂಬರ್ 11ರ ಬೆಳಗ್ಗೆ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ನಾವು ನಾಲ್ಕು ಜನ ಒಂದೇ ಮೊಬೈಲಿಗೆ ಕಣ್ಣು ನೆಟ್ಟು ನಿಂತಿದ್ದೆವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರು ನಿಂತು ವಾದಕ್ಕಿಳಿದಿದ್ದರು. ಅಲ್ಲಿನ್ನೂ ಹತ್ತನೇ ತಾರೀಖಿನ ರಾತ್ರಿ. ಅಧ್ಯಕ್ಷಗಿರಿಗೆ ಯಾರು ಯೋಗ್ಯರು ಅಂತ ನಮ್ಮ ನಮ್ಮಲ್ಲೇ ಜಗಳ ಹತ್ತಿಕೊಂಡಿತು. ಪಕ್ಕದಲ್ಲಿದ್ದ ಊರಿನ ಯಜಮಾನರೊಬ್ಬರು, 'ಓಟಿಲ್ಲದ ಕಡೆ ನಿಮಗ್ಯಾಕ್ರೋ ಉಸಾಬರಿ?' ಅಂದರು. ನಾವು ನಕ್ಕು ಸುಮ್ಮನಾದೆವು.

ಸಂಜೆ ಕೇರಿಗೆ ಬಂದು ಇದನ್ನು ಹೇಳಿದರೆ ತಾತ ನಗಲಿಲ್ಲ. 'ನಂಗೂ ಇದೇ ಮಾತ ಅಂದಿದ್ರು ಕಣ್ಲಾ, ಇಂದ್ರಮ್ಮ ಚಿಕ್ಮಗ್ಳೂರಲ್ಲಿ ನಿಂತಾಗ' ಅಂದರು.

1978ರ ಆ ಉಪಚುನಾವಣೆಯ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ಮುಖ್ಯಮಂತ್ರಿ ದೇವರಾಜ ಅರಸು ಬೆನ್ನಿಗೆ ನಿಂತರು. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ದಿಲ್ಲಿಯ ಪತ್ರಿಕೆಯವರು, ವಿದೇಶದ ಪತ್ರಿಕೆಯವರು ಕಾಫಿ ಸೀಮೆಗೆ ಬಂದಿಳಿದರು. ನವೆಂಬರಿನಲ್ಲಿ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಗೆ ಹಾಕಿ ಜೈಲಿಗೂ ಕಳಿಸಿತು. ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ.

ಪುಸ್ತಕದಲ್ಲಿ ಸಿಗದೇ ಇರೋದು ಬೇರೆ ಇದೆ. ಬೇಲೂರಿಗೆ ಚಿಕ್ಕಮಗಳೂರು ಮಗ್ಗುಲ ಊರು. ಅಲ್ಲಿನ ಕಾಫಿ ತೋಟಗಳಿಗೆ ನಮ್ಮ ಕೇರಿಗಳ ಜನ ಕೂಲಿಗೆ ಹೋಗುತ್ತಿದ್ದರು, ಹೆಣ್ಣು ಕೊಟ್ಟು ತರುತ್ತಿದ್ದರು. ಆದರೆ ಲೋಕಸಭೆಯ ಗಡಿಗೆರೆಯಲ್ಲಿ ಬೇಲೂರು, ಹಳೇಬೀಡು, ಅರಸೀಕೆರೆ ಹಾಸನದ ಕಡೆಗಿದ್ದವು. ಓಟು ಅವರದು, ಮಾತು ಮಾತ್ರ ನಮ್ಮದೂ ಹೌದು. ತಾತ ಆಗ ಅರಸೀಕೆರೆಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದರು. ಮಂಡಿಯ ಜಗಲಿಯ ಮೇಲೆ ಪೇಪರು ಹರಡಿ ಕೂತವರು ವಾದ ಮಾಡುವುದನ್ನು ಜಗಲಿಯ ಕೆಳಗೆ ನಿಂತು ಕೇಳಿಸಿಕೊಂಡವರು.

ಜಗಲಿಯ ವಾದ ಹೀಗಿತ್ತಂತೆ. ವೀರೇಂದ್ರ ಪಾಟೀಲರು ಸಭ್ಯರು, ಆಡಳಿತ ಬಲ್ಲವರು. ಇಂದಿರಾ ಸರ್ವಾಧಿಕಾರಿ, ದೇಶವನ್ನೇ ಜೈಲು ಮಾಡಿದವಳು. ಇದರಲ್ಲಿ ಸುಳ್ಳೇನಿರಲಿಲ್ಲ. 1975ರ ಜೂನ್‌ನಿಂದ 1977ರವರೆಗಿನ ತುರ್ತು ಪರಿಸ್ಥಿತಿಯನ್ನು ನಾವು ಇವತ್ತಿಗೂ ಕ್ಷಮಿಸುವವರಲ್ಲ. ಬೆಂಗಳೂರಿನ ಜೈಲಿನಲ್ಲಿ ನರಳಿ, ಹೊರಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡ ಸ್ನೇಹಲತಾ ರೆಡ್ಡಿಯವರನ್ನು ಮರೆತು ಬಂಡಾಯದ ಮಾತಾಡುವುದು ಹೇಗೆ? ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗುರಿ ತುಂಬಿಸಲು ಹೊರಟ ಅಧಿಕಾರಿಗಳಿಗೆ ಮೊದಲು ಸಿಕ್ಕವರೂ ಬಡವರೇ.

ಆದರೂ ಕೇರಿ ಇಂದಿರಾ ಕಡೆಗಿತ್ತು. ಇದನ್ನೇ ಓದಿದವರು 'ಮುಖ ನೋಡಿ ಓಟು ಹಾಕೋ ಜನ' ಅಂತ ಬರೆದರು. ಒಂದು ಕಾಲಕ್ಕೆ, ಡಿಗ್ರಿ ಮುಗಿಸಿದ ಹುಮ್ಮಸ್ಸಿನಲ್ಲಿ, ನಾವೂ ಹಾಗೇ ನಂಬಿದ್ದೆವು. ನಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಆದ್ದರಿಂದ ಹತ್ತದವರಿಗೆ ಬುದ್ಧಿ ಇಲ್ಲ ಅನ್ನುವ ರೋಗ ನಮಗೂ ತಗುಲಿತ್ತು.

ತಾತನ ಕಾರಣಗಳನ್ನು ಕೇಳಿ. 'ಜೀತ ಬುಡ್ಸುದ್ಲು. ಸೈಟು ಅಂದ್ಲು. ಸುಟ್ಟ ಊರಿಗೆ ಆನೆ ಮೇಲೆ ಹೋದ್ಲು. ಆ ಪಾಟೀಲಪ್ಪನ ಗುರುತು ನೋಡ್ದಾ? ನೇಗಿಲು ಹೊತ್ತ ರೈತ. ನೇಗಿಲು ಯಾರ್ದು, ಹೊರೋನು ಯಾರು ಅಂತ ನಂಗೆ ಗೊತ್ತಿಲ್ವಾ?'

ನಾಲ್ಕೂ ಇತಿಹಾಸವೇ. ಜೀತ ಪದ್ಧತಿ ರದ್ದಾದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ, ಅದು ಕಾಯ್ದೆಯಾದದ್ದು 1976ರಲ್ಲಿ. ಕಾಗದದ ಮೇಲಾದರೂ ಜೀತಗಾರನ ಸಾಲ ಅಳಿಸಿಹೋಯಿತು. ನಿವೇಶನವಿಲ್ಲದವರಿಗೆ ನಿವೇಶನ ಇಪ್ಪತ್ತು ಅಂಶದ ಕಾರ್ಯಕ್ರಮದ ಮಾತು. ಸುಟ್ಟ ಊರು ಬಿಹಾರದ ಬೆಲ್ಛಿ. 1977ರ ಮೇ ತಿಂಗಳಲ್ಲಿ ಅಲ್ಲಿ 11 ಜನರನ್ನು ಕೊಂದು ಸುಟ್ಟರು, ಬಹುಪಾಲು ದಲಿತರು. ಆಗಸ್ಟಿನಲ್ಲಿ, ಕೆಸರಿನಲ್ಲಿ ಜೀಪು ಹೋಗದಾಗ, ಇಂದಿರಾ ಆನೆ ಏರಿ ಆ ಊರಿಗೆ ಹೋದರು. ಅದು ನಾಟಕವೇ ಇರಬಹುದು. ಆದರೆ ಮಿಕ್ಕವರು ಆ ನಾಟಕಕ್ಕೂ ಬರಲಿಲ್ಲ ಅನ್ನುವುದು ಕೇರಿಯ ವಾದ. ಇನ್ನು ನೇಗಿಲಿನ ಮಾತು. 1974ರ ಮಾರ್ಚಿನಲ್ಲಿ ಜಾರಿಯಾದ ಅರಸು ಸರ್ಕಾರದ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ನಮ್ಮವರ ಪಾಲಿಗೆ ಬಂದದ್ದು ಅಷ್ಟಕ್ಕಷ್ಟೆ. ಇದು ತಾತನಿಗೂ ಗೊತ್ತಿತ್ತು. ಗೊತ್ತಿದ್ದೇ ತೂಗಿದರು, ತಕ್ಕಡಿ ಒಂದು ಕಡೆಗೆ ವಾಲಿತು. ನಾವಾಗಿದ್ದರೆ ಹಾಗೆ ತೂಗುತ್ತಿದ್ದೆವೋ ಇಲ್ಲವೋ, ಆ ಮಾತು ಬೇರೆ. ಅದು ತೂಕವೇ ಅಲ್ಲ ಅನ್ನುವ ಹಕ್ಕು ಜಗಲಿಗೆ ಯಾರು ಕೊಟ್ಟರು?

ಇನ್ನೊಂದು ತಮಾಷೆ ಏನೆಂದರೆ, ಅದೇ ವೀರೇಂದ್ರ ಪಾಟೀಲರು ಮುಂದೆ ಇಂದಿರಾ ಪಕ್ಷಕ್ಕೇ ಸೇರಿದರು, 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮುಖ್ಯಮಂತ್ರಿಯಾದರು. ದೇವರಾಜ ಅರಸು 1979ರಲ್ಲೇ ಇಂದಿರಾರಿಂದ ದೂರವಾದರು. ಜಗಲಿಯವರು ಆಮೇಲೆ ಏನು ತೂಗಿದರೋ ತಾತನಿಗೆ ನೆನಪಿಲ್ಲ.

ಅಮೆರಿಕದಲ್ಲೂ ಈ ಕತೆ ನಡೆದಿದೆ. ಗುಲಾಮಗಿರಿ ಹೋಗಲಾಡಿಸಿದ ಲಿಂಕನ್ನನ ಪಕ್ಷ ಅಂತ ಕಪ್ಪುಜನ ತಲೆಮಾರುಗಟ್ಟಲೆ ರಿಪಬ್ಲಿಕನ್ನರಿಗೆ ನಿಷ್ಠರಾಗಿದ್ದರು. 1936ರಲ್ಲಿ ಅವರಲ್ಲಿ ಬಹುಪಾಲು ಜನ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ ಕಡೆ ಹೊರಳಿದರು. ಆ ಪಕ್ಷದೊಳಗೆ ದಕ್ಷಿಣದ ಬಿಳಿಯ ಜಮೀನ್ದಾರರು ಕೂತಿದ್ದಾರೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಸಿವಿನ ಕಾಲದಲ್ಲಿ ಕೆಲಸ ಕೊಟ್ಟವರು ಯಾರೆಂಬುದೂ ಗೊತ್ತಿತ್ತು. 1873ರಲ್ಲೇ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಹಾಗಾಗಿ ಅಲ್ಲಿನ ಚುನಾವಣೆಯ ಉಸಾಬರಿ ನಮಗೆ ಹೊಸದಲ್ಲ ಯಜಮಾನರೇ.

ಆ ದೇಶದ ಸಂವಿಧಾನ 1787ರಲ್ಲಿ ಬರೆದದ್ದು. ಅದರಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ಕಲಮು ಇತ್ತು. ಗುಲಾಮನಿಗೆ ಓಟಿಲ್ಲ, ಆದರೆ ಅವನ ತಲೆ ಎಣಿಸಿ ಅವನ ಧಣಿಯ ರಾಜ್ಯಕ್ಕೆ ಹೆಚ್ಚು ಪ್ರತಿನಿಧಿಗಳು, ಅಧ್ಯಕ್ಷನನ್ನು ಆರಿಸುವಲ್ಲಿ ಹೆಚ್ಚು ಮತಗಳು. ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದ ಗುಲಾಮ ಒಡೆಯರೇ ಅಧ್ಯಕ್ಷರಾಗಿದ್ದರು. ಬಿಡುಗಡೆಯಾಗಿ 1870ರಲ್ಲಿ ಓಟು ಬಂದ ಮೇಲೆ ಇನ್ನೊಂದು ಹುನ್ನಾರ ಹುಟ್ಟಿತು. ಅಲ್ಲಿ ಪಕ್ಷದ ಹುರಿಯಾಳನ್ನು ಆರಿಸಲಿಕ್ಕೇ ಒಂದು ಮೊದಲ ಚುನಾವಣೆ ಉಂಟು. ದಕ್ಷಿಣದ ರಾಜ್ಯಗಳು ಅದನ್ನು ಬಿಳಿಯರಿಗೆ ಮಾತ್ರ ಅಂತ ಮಾಡಿಟ್ಟವು. ಅಲ್ಲಿ ಒಂದೇ ಪಕ್ಷ ಗೆಲ್ಲುತ್ತಿದ್ದುದರಿಂದ ನಿಜವಾದ ಆಯ್ಕೆ ಅಲ್ಲೇ ಮುಗಿದುಹೋಗುತ್ತಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ್ದು 1944ರಲ್ಲಿ.

ಈ ಮೊದಲ ಚುನಾವಣೆ ಒಂದು ಸಲ ನಮ್ಮ ಕೈಗೂ ಬಂದು ಹೋಗಿದೆ. 1932ರ ಆಗಸ್ಟಿನಲ್ಲಿ ಬಾಬಾಸಾಹೇಬರು ಗಳಿಸಿದ ಪ್ರತ್ಯೇಕ ಮತಕ್ಷೇತ್ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ ಕೈಬಿಟ್ಟಿತು. ಬದಲಿಗೆ ಒಪ್ಪಂದದಲ್ಲಿ ಒಂದು ಏರ್ಪಾಡಿತ್ತು. ಮೀಸಲು ಸ್ಥಾನಕ್ಕೆ ಮೊದಲು ಅಸ್ಪೃಶ್ಯ ಮತದಾರರೇ ಸೇರಿ ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಆರಿಸಬೇಕು. ಅದೂ ಹತ್ತು ವರ್ಷಕ್ಕೆ ಮಾತ್ರ. ಬ್ರಿಟಿಷ್ ಇಂಡಿಯಾದ ಮಾತದು, ಮೈಸೂರು ಸಂಸ್ಥಾನದ ನಮ್ಮ ಸೀಮೆಗೆ ಅಷ್ಟೂ ಇರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನ ಮೀಸಲು ಕ್ಷೇತ್ರ ಉಳಿಸಿತು, ಆ ಮೊದಲ ತಕ್ಕಡಿಯನ್ನು ಉಳಿಸಲಿಲ್ಲ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೇ 1952ರಲ್ಲಿ ಮುಂಬೈಯಲ್ಲಿ, 1954ರಲ್ಲಿ ಭಂಡಾರಾದಲ್ಲಿ ಸೋತರು. ಅಂಬೇಡ್ಕರರ ಯೋಗ್ಯತೆ ಯಾರ ತಕ್ಕಡಿಯಲ್ಲಿ ಕಡಿಮೆ ಬಿತ್ತು ಅಂತ ಬಿಡಿಸಿ ಹೇಳಬೇಕೆ?

ಬೇಲೂರು ವಿಧಾನಸಭಾ ಕ್ಷೇತ್ರ 1978ರ ಚುನಾವಣೆಯಿಂದ 2008ರ ಪುನರ್ವಿಂಗಡಣೆಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಆಮೇಲೆ ಮೀಸಲು ಸಕಲೇಶಪುರಕ್ಕೆ ಹೋಯಿತು. ಮೂವತ್ತು ವರ್ಷ ನಿಂತವರೆಲ್ಲ ನಮ್ಮವರೇ. ಟಿಕೆಟ್ ಯಾರಿಗೆ ಅನ್ನುವ ಮಾತು ಮಾತ್ರ ಪಕ್ಷಗಳ ಯಜಮಾನರ ನಡುವಿನದು. 'ಹೆಸ್ರು ಹೇಳಿ ಕಳಿಸೋರು, ನಾವು ಹೋಗಿ ಗುದ್ದಿ ಬರೋದು' ಅನ್ನುತ್ತಾರೆ ತಾತ. ನಿಂತವರಲ್ಲಿ ಒಳ್ಳೆಯವರಿದ್ದರು, ಕೆಲಸ ಮಾಡಿದವರೂ ಇದ್ದರು. ಆದರೆ ನಾಲ್ವರನ್ನು ಕೇರಿಯಲ್ಲಿ ನಿಲ್ಲಿಸಿ 'ಕೂಲಿ ಬಗ್ಗೆ ಏನಂತೀಯ, ಸ್ಮಶಾನದ ಜಾಗ ಬಿಡಿಸ್ತೀಯಾ, ಸುಟ್ಟ ಊರಿಗೆ ಹೋಗ್ತೀಯಾ' ಅಂತ ಕೇಳುವ ದಿನ ಆ ಮೂವತ್ತು ವರ್ಷದಲ್ಲಿ ಒಂದೂ ಬರಲಿಲ್ಲ.

ಆ ಸಂಜೆ ತಾತನಿಗೂ ಅಜ್ಜಿಗೂ ಮೊಬೈಲಿನಲ್ಲಿ ಆ ವಾದವನ್ನು ತೋರಿಸಿದೆವು. ಕಮಲಾ ಹ್ಯಾರಿಸ್ ತಾಯಿ ನಮ್ಮ ಪಕ್ಕದ ತಮಿಳುನಾಡಿನ ಕಡೆಯವರು, ತಂದೆ ಜಮೈಕಾದ ಕಪ್ಪುಜನ ಎಂದೆವು. ಹೆಣ್ಣೊಬ್ಬಳು ಅಷ್ಟು ದೊಡ್ಡ ಮನುಷ್ಯನ ಎದುರು ನಿಂತು ಮಾತಾಡುವುದನ್ನು ಅಜ್ಜಿ ತುಸು ಹೊತ್ತು ನೋಡಿದಳು. ಆಮೇಲೆ ಕೇಳಿದಳು:

'ಅದ್ಸರಿ, ಕೂಲಿ ಎಷ್ಟ್ ಮಾಡ್ತೀನಿ ಅಂದ್ಲು?'

ನಾವು ಬೆಳಗ್ಗೆಯಿಂದ ಅಷ್ಟು ಜಗಳಾಡಿದ್ದರೂ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಒಂದೂವರೆ ಗಂಟೆಯ ವಾದವನ್ನು ಮೊದಲಿಗೆ ಎಳೆದು ಮತ್ತೆ ಕೇಳಲು ಕೂತೆವು.