‘ಕಂಪ್ಯೂಟರ್ ಆನ್ ಆಗ್ತಿಲ್ಲ’: ಹೈದರಾಬಾದಿನ ಒಂದು ರಿಪೇರಿ ಚರಿತ್ರೆ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ನಮ್ಮ ಚಾನೆಲ್ ನೋಡೋರಲ್ಲಿ ಬಹಳ ಜನ ಹೈಟೆಕ್ ಸಿಟಿ, ಗಚ್ಚಿಬೌಲಿ ಕಡೆ ಕೆಲಸ ಮಾಡೋರು. ನಮಗೆಲ್ಲ ಊರಿಂದ ಒಂದು ಫೋನ್ ಬಂದೇ ಬರುತ್ತೆ: ‘ಕಂಪ್ಯೂಟರ್ ಆನ್ ಆಗ್ತಿಲ್ಲ, ನೀನು ಇಂಜಿನಿಯರ್ ಅಲ್ವಾ, ಏನಾಗಿದೆ ಹೇಳು.’ ನಾವು ದಿನವಿಡೀ ನೋಡೋದು ಕೋಡು, ಕ್ಲೌಡು. ಆ ಡಬ್ಬ ಬಿಚ್ಚಿ ನೋಡಿ ಎಷ್ಟೋ ವರ್ಷ ಆಗಿರುತ್ತೆ. ಆದರೆ ಈ ನಗರದ ಕಂಪ್ಯೂಟರ್ ಚರಿತ್ರೆ ತೆಗೆದು ನೋಡಿದರೆ, 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆ ಆಗೋಕೆ ಎಷ್ಟೋ ಮೊದಲೇ ಇಲ್ಲಿನ ಜನ ನಿಂತ ಯಂತ್ರವನ್ನ ಮತ್ತೆ ಎಬ್ಬಿಸೋ ಕೆಲಸ ಮಾಡ್ತಿದ್ದರು.

ಸ್ವಿಚ್ಚುಗಳ ಕಾಲ

ಇಸಿಐಎಲ್ ಕ್ರಾಸ್ ರೋಡ್ಸ್ ಅಂತ ಸಿಟಿ ಬಸ್ಸಿನ ಬೋರ್ಡಿನಲ್ಲಿ ದಿನಾ ಓದ್ತೀವಿ. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಶುರುವಾಗಿದ್ದು 1967ರಲ್ಲಿ. ಕಟ್ಟಿ ಬೆಳೆಸಿದವರು ಡಾ. ಎ.ಎಸ್. ರಾವ್. ಪಕ್ಕದ ಎ.ಎಸ್. ರಾವ್ ನಗರಕ್ಕೆ ಅವರದೇ ಹೆಸರು. 1969ರಲ್ಲಿ ಬಂದ ಟಿಡಿಸಿ-12, ಅಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್, ಈ ಸಂಸ್ಥೆಯ ಹೆಸರಿನ ಜೊತೆ ಬೆಸೆದುಕೊಂಡಿದೆ. ವಿನ್ಯಾಸ ಬಾಬಾ ಅಣು ಸಂಶೋಧನಾ ಕೇಂದ್ರದ್ದು, ತಯಾರಿಕೆ ಇಸಿಐಎಲ್‌ದು.

ಹನ್ನೆರಡು ಬಿಟ್‌ಗಳ ಆ ಪೀಳಿಗೆಯ ಯಂತ್ರಗಳು ಹೇಗೆ ಶುರುವಾಗ್ತಿದ್ದವು ಅಂತ ತಿಳಿದರೆ ಇವತ್ತಿನ ‘ಬೂಟ್’ ಅನ್ನೋ ಪದವೇ ಅರ್ಥ ಆಗುತ್ತೆ. ಕಂಪ್ಯೂಟರಿಗೆ ಏನೇ ಮಾಡಿಸಬೇಕಾದರೂ ಮೆಮೊರಿಯಲ್ಲಿ ಒಂದು ಪ್ರೋಗ್ರಾಂ ಇರಬೇಕು. ಆ ಪ್ರೋಗ್ರಾಮನ್ನ ಮೆಮೊರಿಗೆ ತರೋಕೆ ಇನ್ನೊಂದು ಪ್ರೋಗ್ರಾಂ ಬೇಕು. ಹಾಗಾದರೆ ಮೊದಲನೆಯದನ್ನ ತರೋದು ಯಾರು? ತನ್ನ ಬೂಟಿನ ಪಟ್ಟಿಯನ್ನ ತಾನೇ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಂಡ ಹಾಗೆ ಅಂತ ತಮಾಷೆಗೆ ಇದನ್ನ ‘ಬೂಟ್‌ಸ್ಟ್ರ್ಯಾಪ್’ ಅಂದರು. ಅದೇ ಕುಗ್ಗಿ ‘ಬೂಟ್’ ಆಯ್ತು.

ಪಿಡಿಪಿ-8ರಂಥ ಯಂತ್ರಗಳಲ್ಲಿ ಆ ಮೊದಲನೆಯದನ್ನ ತರುತ್ತಿದ್ದದ್ದು ಮನುಷ್ಯ. ಮುಂಭಾಗದ ಸ್ವಿಚ್ಚುಗಳನ್ನ ಮೇಲೆ ಕೆಳಗೆ ಮಾಡಿ, ಹದಿನೈದಿಪ್ಪತ್ತು ಸೂಚನೆಗಳನ್ನ ಒಂದೊಂದಾಗಿ ಮೆಮೊರಿಗೆ ತುಂಬಬೇಕಿತ್ತು. ಆಮೇಲೆ ಕಾಗದದ ಟೇಪು ಓದಿಸೋದು. ಒಂದು ಸ್ವಿಚ್ಚು ತಪ್ಪಿದರೆ ಯಂತ್ರ ಏಳ್ತಿರಲಿಲ್ಲ. ಎಲ್ಲಿ ನಿಂತಿತು ಅಂತ ಪ್ಯಾನೆಲ್ ಮೇಲಿನ ದೀಪಗಳನ್ನ ನೋಡಿ ಲೆಕ್ಕ ಹಾಕಬೇಕಿತ್ತು.

ಹೆಸರಲ್ಲೇ ರಿಪೇರಿ

ಇನ್ನೊಂದು ಸಂಸ್ಥೆಯ ಹೆಸರು ಹೇಳ್ತೀನಿ. 1975ರ ಕೊನೆಯಲ್ಲಿ ಕೇಂದ್ರ ಸರ್ಕಾರ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಅಂತ ಒಂದು ಕಂಪನಿ ಮಾಡಿತು. 1973ರ ಫೆರಾ ಕಾಯ್ದೆಯಡಿ ವಿದೇಶಿ ಪಾಲು ಕಡಿಮೆ ಮಾಡಿ ಅಂತ ಸರ್ಕಾರ ಹೇಳಿತು, ಐಬಿಎಂ ಒಪ್ಪಲಿಲ್ಲ, 1978ರಲ್ಲಿ ಜಾಗ ಖಾಲಿ ಮಾಡಿತು. ಆದರೆ ಅದರ ಯಂತ್ರಗಳು ದೇಶದ ತುಂಬ ಕಚೇರಿಗಳಲ್ಲಿ ಓಡ್ತಾ ಇದ್ದವು. ತಯಾರಿಸಿದವರು ಹೋದಮೇಲೆ ನಾಳೆ ಒಂದು ನಿಂತರೆ ಗತಿ ಏನು? ಆ ಹೊಣೆ ಬಿದ್ದಿದ್ದು ಈ ಕಂಪನಿ ಮೇಲೆ. ಅದೇ ಮುಂದೆ ನಮಗೆಲ್ಲ ಗೊತ್ತಿರೋ ಸಿಎಂಸಿ. 80ರ ದಶಕದಲ್ಲಿ ರೈಲ್ವೆ ಟಿಕೆಟ್ ಬುಕಿಂಗನ್ನ ಕಂಪ್ಯೂಟರಿಗೆ ತಂದಿದ್ದೂ ಅವರೇ. 2001ರಲ್ಲಿ ಟಾಟಾ ಕೈಗೆ ಹೋಯ್ತು, 2015ರಲ್ಲಿ ಟಿಸಿಎಸ್‌ನಲ್ಲಿ ಸೇರಿತು. ಗಚ್ಚಿಬೌಲಿಯ ಸಿಎಂಸಿ ಸೆಂಟರ್ ಮುಂದೆ ಹಾದುಹೋಗಿರೋರಿಗೆ, ಆ ‘ಎಂ’ ಅಂದರೆ ಮೇಂಟೆನೆನ್ಸ್ ಅನ್ನೋದು ಹೊಸ ಸುದ್ದಿ ಆಗಿರಬಹುದು.

ಯಂತ್ರವೇ ಹೇಳೋಕೆ ಶುರು ಮಾಡಿದಾಗ

1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂತು. ಸ್ವಿಚ್ಚು ತಟ್ಟೋ ಆ ಕೆಲಸ ರಾಮ್ ಚಿಪ್ಪಿನಲ್ಲಿ ಅಲ್ಲ, ಅಳಿಸದ ‘ರೋಮ್’ ಚಿಪ್ಪಿನಲ್ಲಿ ಕೂತಿತು. ಅದೇ ಬಯಾಸ್. ಪವರ್ ಸಪ್ಲೈ ಮೊದಲು ‘ಕರೆಂಟು ಸರಿಯಾಗಿದೆ’ ಅಂತ ಒಂದು ಸಿಗ್ನಲ್ ಕೊಡುತ್ತೆ. ಆಮೇಲೆ ಪ್ರೊಸೆಸರ್ ಎದ್ದು ಬಯಾಸ್ ಓದುತ್ತೆ. ಬಯಾಸ್ ಮೆಮೊರಿ, ವಿಡಿಯೋ ಕಾರ್ಡು, ಕೀಬೋರ್ಡು ಪರೀಕ್ಷೆ ಮಾಡುತ್ತೆ. ಎಲ್ಲ ಸರಿ ಇದ್ದರೆ ಒಂದು ಸಣ್ಣ ಬೀಪ್. ಕೊನೆಗೆ ಡಿಸ್ಕಿನ ಮೊದಲ 512 ಬೈಟ್ ಓದಿ ಆಪರೇಟಿಂಗ್ ಸಿಸ್ಟಂ ಕೈಗೆ ಕೊಡುತ್ತೆ. ಈಗಿನ ಯುಇಎಫ್‌ಐ ಯಂತ್ರಗಳಲ್ಲಿ ಒಳಗಿನ ವಿಧಾನ ಬೇರೆ, ಹೆಜ್ಜೆಗಳ ಸಾಲು ಹೆಚ್ಚುಕಡಿಮೆ ಇದೇ.

ತೆರೆ ಬರೋ ಮೊದಲೇ ತೊಂದರೆ ಆದರೆ ಅಕ್ಷರದಲ್ಲಿ ಹೇಳೋಕೆ ಆಗಲ್ಲ. ಅದಕ್ಕೇ ಬೇರೆ ಬೇರೆ ಬೀಪುಗಳು. ಕಂಪನಿಯಿಂದ ಕಂಪನಿಗೆ ಅರ್ಥ ಬದಲಾಗುತ್ತೆ. ಆದರೂ ಹಲವು ಹಳೇ ಬೋರ್ಡುಗಳಲ್ಲಿ ಬಿಟ್ಟುಬಿಟ್ಟು ಉದ್ದಕ್ಕೆ ಕೂಗಿದರೆ ಮೆಮೊರಿ ಕಡೆ ನೋಡು ಅಂತ, ಒಂದು ಉದ್ದ ಎರಡು ಗಿಡ್ಡ ಆದರೆ ವಿಡಿಯೋ ಕಡೆ ನೋಡು ಅಂತ.

ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ, ಈ ಭಾಷೆ ಚೆನ್ನಾಗಿ ಬಲ್ಲ ಜಾಗ. ಅಲ್ಲಿನ ಹಳೇ ಮೆಕ್ಯಾನಿಕ್ಕುಗಳು ಮೊದಲು ಡಬ್ಬ ಬಿಚ್ಚಲ್ಲ. ಆನ್ ಮಾಡಿ ಕಿವಿ ಕೊಡ್ತಾರೆ.

ಫೋನಿನಲ್ಲೇ ಆದ ರಿಪೇರಿ

ರಾಯಚೂರಿನಲ್ಲಿರೋ ನಮ್ಮ ದೊಡ್ಡಪ್ಪನ ಮನೆ ಡೆಸ್ಕ್‌ಟಾಪಿನಲ್ಲಿ ಹದಿನೈದು ವರ್ಷದ ಫೋಟೋಗಳು, ಅವರು ನುಡಿಯಲ್ಲಿ ಟೈಪ್ ಮಾಡಿಟ್ಟ ನಮ್ಮ ಮನೆತನದ ವಂಶಾವಳಿ ಇದೆ. ಬೇರೆಲ್ಲೂ ನಕಲಿಲ್ಲ. ಒಂದಿನ ಅದು ಏಳಲಿಲ್ಲ. ‘ಅಂಗಡಿಯವ ಮದರ್‌ಬೋರ್ಡ್ ಹೋಗ್ಯಾದ ಅಂತಾನ, ಹಳೇದು ಕೊಟ್ಟು ಹೊಸಾದು ತಗೋರಿ ಅಂತಾನ. ಏನ್ ಮಾಡ್ಲೋ?’ ಅಂದ್ರು.

‘ಫ್ಯಾನ್ ತಿರುಗ್ತದೇನು ದೊಡ್ಡಪ್ಪ?’

‘ತಿರುಗ್ತದ.’

‘ಸಪ್ಪಳ ಏನರ ಬರ್ತದೇನು?’

‘ಉದ್ದಕ ಕೂಗ್ತದ, ನಿಲ್ತದ, ಮತ್ತ ಕೂಗ್ತದ.’

ಫ್ಯಾನ್ ತಿರುಗಿತು ಅಂದರೆ ಕರೆಂಟು ಒಳಗೆ ಬಂದಿದೆ. ಬೀಪ್ ಬಂತು ಅಂದರೆ ಪ್ರೊಸೆಸರ್ ಎದ್ದಿದೆ, ಬಯಾಸ್ ಓಡ್ತಿದೆ. ನಿಂತಿದ್ದು ಮೆಮೊರಿ ಹತ್ತಿರ. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ರ‍್ಯಾಮ್ ಪಟ್ಟಿ ಹೊರಗೆ ತೆಗೆಸಿದೆ. ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಎರಡೂ ಕಡೆ ಟಕ್ ಅನ್ನೋ ತನಕ ಒತ್ತಿ ಕೂಡಿಸಿದರು. ಒಂದೇ ಬೀಪ್, ತೆರೆ ಬಂತು. ಗಡಿಯಾರ ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ, ಸಿಆರ್2032, ಸತ್ತಿತ್ತು. ಅದನ್ನೂ ಬದಲಾಯಿಸಿದರು. ಬ್ಯಾಟರಿ ಮೇಲೆ ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸೋ ಈ ಪದ್ಧತಿ 1984ರ ಐಬಿಎಂ ಪಿಸಿ ಎಟಿಯಿಂದ ಬಂದಿದ್ದು.

ಅವತ್ತೇ ಮಾಡಿಸಿದ ಇನ್ನೊಂದು ಕೆಲಸ: ಎಲ್ಲವನ್ನೂ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿಸಿದ್ದು.

ಮತ್ತೆ ಮನುಷ್ಯನೇ ಬೇಕಾದ ದಿನ

1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಎದ್ದು ಬಯಾಸ್ ಚಿಪ್ಪನ್ನೇ ಅಳಿಸಿದಾಗ, ಏಷ್ಯಾದಲ್ಲಿ ಬಹಳಷ್ಟು ಪಿಸಿಗಳು ಬೀಪ್ ಕೂಡ ಮಾಡದೆ ಮಲಗಿದವು. ಯಂತ್ರಕ್ಕೆ ಕೊಟ್ಟಿದ್ದ ಮೊದಲ ಹೆಜ್ಜೆಯ ಜ್ಞಾನವೇ ಹೋಗಿತ್ತು.

2024ರ ಜುಲೈ 19 ನಿಮಗೆಲ್ಲ ನೆನಪಿರುತ್ತೆ. ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಗೆ ಬಿದ್ದವು. ಹೈದರಾಬಾದಿನಿಂದ ಹೊರಟ ಪ್ರಯಾಣಿಕರೊಬ್ಬರ ಕೈಬರಹದ ಬೋರ್ಡಿಂಗ್ ಪಾಸ್ ಅವತ್ತು ಜಗತ್ತೆಲ್ಲ ಓಡಾಡಿತು. ಪರಿಹಾರ ಏನಿತ್ತು? ಬಹಳಷ್ಟು ಕಡೆ ಒಬ್ಬರು ಒಂದೊಂದು ಯಂತ್ರದ ಮುಂದೆ ಹೋಗಿ ನಿಂತು, ಸೇಫ್ ಮೋಡಿಗೆ ಹೋಗಿ, ಒಂದು ಫೈಲು ಅಳಿಸಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀ ಬೇರೆ ಹುಡುಕಬೇಕಿತ್ತು. ಸ್ವಿಚ್ಚು ತಟ್ಟೋ ಕಾಲಕ್ಕೆ ಒಂದು ದಿನದ ಮಟ್ಟಿಗೆ ಹೋಗಿಬಂದ ಹಾಗಾಯ್ತು.

ಹಾಗಾಗಿ ಊರಿಂದ ಮುಂದಿನ ಫೋನ್ ಬಂದಾಗ ‘ಅಂಗಡಿಗೆ ಕೊಡಿ’ ಅನ್ನೋ ಮೊದಲು ಸಾಲಾಗಿ ಕೇಳಿ. ಪ್ಲಗ್ಗಿನಲ್ಲಿ ಕರೆಂಟು ಇದೆಯಾ, ಫ್ಯಾನ್ ತಿರುಗುತ್ತಾ, ಬೀಪ್ ಬರುತ್ತಾ, ತೆರೆ ಮೇಲೆ ಅಕ್ಷರ ಬರುತ್ತಾ, ವಿಂಡೋಸ್ ಗುರುತು ಬಂದು ನಿಲ್ಲುತ್ತಾ. ‘ಹೌದು’ ಮುಗಿದು ‘ಇಲ್ಲ’ ಶುರುವಾಗೋ ಜಾಗದಲ್ಲೇ ತೊಂದರೆ ಇರೋದು ಹೆಚ್ಚು. ಪವರ್ ಸಪ್ಲೈ ಡಬ್ಬ ಮಾತ್ರ ಬಿಚ್ಚಿಸಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತೆ. ಮದರ್‌ಬೋರ್ಡು ನಿಜವಾಗಿಯೂ ಹೋಗಿದ್ದರೂ ಡಿಸ್ಕು ಬಿಚ್ಚಿಸಿ ಮನೆಯಲ್ಲೇ ಇಟ್ಟುಕೊಳ್ಳೋಕೆ ಹೇಳಿ. ಬೋರ್ಡು ದುಡ್ಡು ಕೊಟ್ಟರೆ ಹೊಸದು ಬರುತ್ತೆ, ದೊಡ್ಡಪ್ಪನ ವಂಶಾವಳಿ ಬರಲ್ಲ.